ಎದೆಯ ಮೇಲಿನ ಲೂನ್ ಹಕ್ಕಿ

ನಮ್ಮ ಲೋರ್ನಾ ಹಾಗನ್ ಏನನ್ನೂ ಬಿಸಾಡಿದವಳಲ್ಲ. ಉತ್ತರ ಮಿನೆಸೋಟದ ನಮ್ಮೂರಲ್ಲಿ ಎಲ್ಲರಿಗೂ ಅದೇ ಚಾಳಿ. ನೆಲಮಾಳಿಗೆ ತುಂಬ ಮುಂದೆಂದೋ ಬೇಕಾದೀತೆಂದು ಇಟ್ಟ ಸಾಮಾನು. ಇವಳು ಕಂಪ್ಯೂಟರನ್ನೂ ನೆಲಮಾಳಿಗೆ ಮಾಡಿಕೊಂಡಿದ್ದಳು. ಅವಳದು ಕಸೂತಿ ಅಂಗಡಿ. ಯಂತ್ರ ನಡೆಸುವ ತಂತ್ರಾಂಶದ ಹೊಸ ಆವೃತ್ತಿ ಬಂದಾಗಲೆಲ್ಲ ಹಾಕಿಕೊಂಡಳು, ಹಳೆಯದನ್ನು ಮಾತ್ರ ತೆಗೆಯಲಿಲ್ಲ. ಪಕ್ಕದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಾನು ಗೇಲಿ ಮಾಡಿದರೆ, "ಮೊದ್ಲು ನಿನ್ನ ಗೋಡೌನ್ ನೋಡ್ಕೊ ಹೋಗು" ಅನ್ನುತ್ತಿದ್ದಳು.

ಆ ಚಳಿಗಾಲ ನಮ್ಮೂರ ಹುಡುಗಿಯರ ಐಸ್ ಹಾಕಿ ತಂಡ ಮೊದಲ ಸಲ ರಾಜ್ಯಮಟ್ಟಕ್ಕೆ ಹೋಯಿತು. ತರಬೇತಿ ಕೊಟ್ಟವಳು ಲೋರ್ನಾಳ ಮಗಳು ಸಿಗ್ನೆ. ಹೊಸ ಜೆರ್ಸಿಗಳ ಎದೆಗೆ ನಮ್ಮ ಕೆರೆಗಳ ಕೆಂಪು ಕಣ್ಣಿನ ಲೂನ್ ಹಕ್ಕಿ, ಬೆನ್ನಿಗೆ ಹೆಸರು. ಸಂಜೆ ಬಸ್ಸು ಹೊರಡುವುದರೊಳಗೆ ಮುಗಿಯಬೇಕು. ಹಕ್ಕಿಯ ಚಿತ್ರ ಬರೆದವನು ಲೋರ್ನಾಳ ಗಂಡ ಆರ್ನೆ. ಊರಿನ ತಂಡವೊಂದು ರಾಜ್ಯಮಟ್ಟದಲ್ಲಿ ಆಡುವುದನ್ನು ನೋಡಬೇಕೆಂದು ಕಾದು ಕಾದೇ ಹೋಗಿಬಿಟ್ಟ ಪುಣ್ಯಾತ್ಮ. ಆ ಚಿತ್ರ ತೆರೆಯುವುದು ಹಳೆಯ ಆವೃತ್ತಿಯಲ್ಲಿ ಮಾತ್ರ. ಬೆನ್ನಿನ ಹೆಸರಿಗೆ ಪಂದ್ಯಾವಳಿಯವರು ಕೇಳಿದ ಅಕ್ಷರಶೈಲಿ ಇರುವುದು ಹೊಸದರಲ್ಲಿ ಮಾತ್ರ.

ಹೊರಡುವ ದಿನ ಬೆಳಿಗ್ಗೆ ಲೋರ್ನಾ ಹಳೆಯದನ್ನು ತೆರೆದಳು. ಅದು ಹೊಸದರ ಅಳತೆಗಳನ್ನೆಲ್ಲ ಕೆಡಿಸಿತು. ಹೊಸದನ್ನು ತೆರೆದರೆ ಅದು ಹಳೆಯದರದನ್ನು ಕೆಡಿಸಿತು. ಒಂದೇ ಪಾತ್ರೆಯ ಸಾರಿಗೆ ಇಬ್ಬರು ಉಪ್ಪು ಹಾಕಿದ ಹಾಗಾಯಿತು. ಚೂರು ಬಟ್ಟೆಯ ಮೇಲೆ ಹೊಲಿದು ನೋಡಿದರೆ, ಲಾರಿ ಚಕ್ರಕ್ಕೆ ಸಿಕ್ಕಿದ ಬಾತುಕೋಳಿ.

"ಅಮ್ಮಾ, ಹಳೇದನ್ನ ಅಳಿಸಿಬಿಡು. ಎದೆ ಮೇಲೆ ಬರೀ ಊರ ಹೆಸರು ಸಾಕು" ಎಂದಳು ಸಿಗ್ನೆ.

"ನಿಮ್ಮಪ್ಪನ್ನ ಅಳಿಸು ಅಂತೀಯಾ?"

"ಹಂಗಲ್ಲಮ್ಮಾ. ಬಸ್ಸು ಕಾಯಲ್ಲ."

ಲೋರ್ನಾ ದಡಕ್ಕನೆ ಎದ್ದು, ಗಲಾಟೆ ಕೇಳಿ ಬಂದು ನಿಂತಿದ್ದ ನನ್ನ ತೋಳು ಹಿಡಿದಳು. "ಆರ್ನೆ ಕಂಪ್ಯೂಟರು, ನನ್ನ ಹಳೇ ಯಂತ್ರ, ಎರಡೂ ನೆಲಮಾಳಿಗೇಲಿ ಫ್ರೀಜರ್ ಹಿಂದಿವೆ. ಜಗಳ ಆಡೋರನ್ನ ಒಂದೇ ಮನೇಲಿ ಯಾಕಿಟ್ಕೋಬೇಕು? ಬೇರೆ ಮನೆ ಮಾಡಿಕೊಡೋಣ. ನೀನೊಂದು ಕಡೆ ಹಿಡ್ಕೊ."

ಆ ಯಂತ್ರ ಹೊತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು. ಆದರೆ ಆರ್ನೆಯ ಕಂಪ್ಯೂಟರಿನಲ್ಲಿ ಹಳೆಯ ಆವೃತ್ತಿಯೊಂದೇ ಇತ್ತು. ತಕರಾರಿಲ್ಲದೆ ಹಕ್ಕಿ ಮೂಡಿತು, ಕೆಂಪು ಕಣ್ಣಿನ ಸಮೇತ. ಅದನ್ನು ನೋಡಿದ ಮೇಲೆಯೇ ಲೋರ್ನಾ ಅಂಗಡಿಯ ಕಂಪ್ಯೂಟರಿನಿಂದ ಹಳೆಯವುಗಳನ್ನೆಲ್ಲ ತೆಗೆದುಹಾಕಿದಳು. ಅವಳು ಏನನ್ನಾದರೂ ತೆಗೆದುಹಾಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಒಂದು ಯಂತ್ರ ಎದೆ ಹೊಲಿಯಿತು, ಇನ್ನೊಂದು ಬೆನ್ನು. ಕೊನೆಯ ಜೆರ್ಸಿಯನ್ನು ಬಸ್ಸಿನ ಕಿಟಕಿಯಲ್ಲಿ ಕೊಟ್ಟೆವು.

ಮರುದಿನ ರಾಜಧಾನಿಯ ಕ್ರೀಡಾಂಗಣದಲ್ಲಿ ಊರಿಗೆ ಊರೇ ಸೇರಿತ್ತು. ನಮ್ಮ ಹುಡುಗಿಯರು ಗೆದ್ದರು. ಗೆದ್ದವರು ಸಾಲಾಗಿ ನಮ್ಮ ಕಡೆ ಜಾರಿ ಬಂದು, ಎದೆಯ ಮೇಲಿನ ಹಕ್ಕಿಯನ್ನು ತಟ್ಟಿ ತೋರಿಸಿದರು. ಕೂಗಿ ಕೂಗಿ ನನ್ನ ಗಂಟಲು ಕಟ್ಟಿಹೋಗಿತ್ತು.

ಲೋರ್ನಾ ಕೂಗಲಿಲ್ಲ. ಮೊಣಕೈಯಿಂದ ನನ್ನನ್ನು ತಿವಿದು, "ನೋಡು, ಆರ್ನೆ ಬಂದೇಬಿಟ್ಟ ರಾಜ್ಯಮಟ್ಟಕ್ಕೆ" ಅಂದಳು.