ಪೀಣ್ಯದಲ್ಲಿ ಎರಕವಾದ ಪಂಪು

ಗರ್ರ್... ಗರ್ರ್... ಒಂದು ಸಣ್ಣ ಕೆಮ್ಮು. ಕಾರಿನ ಮೂತಿಗೆ ಸಿಕ್ಕಿಸಿದ ಹ್ಯಾಂಡಲ್ ಮೂರನೆಯ ಸಲ ತಿರುಗಿದಾಗ ರೋಡ್‌ಸ್ಟರ್ ಮೈಕೊಡವಿ ಗುಡುಗುಡು ಎನ್ನುತ್ತಿತ್ತು. ವೈಟ್‌ಫೀಲ್ಡಿನ ನಮ್ಮ ಮನೆಯಲ್ಲಿ ಭಾನುವಾರ ಶುರುವಾಗುತ್ತಿದ್ದದ್ದು ಈ ಸದ್ದಿನಿಂದ. ಹ್ಯಾಂಡಲ್ ಹಿಡಿದ ಮೇಸ್ತ್ರಿಯ ಹೆಬ್ಬೆರಳು ಅದನ್ನು ಸುತ್ತಿಕೊಳ್ಳುತ್ತಿರಲಿಲ್ಲ, ಉಳಿದ ಬೆರಳುಗಳ ಪಕ್ಕದಲ್ಲೇ ಸಾಲಾಗಿ ಮಲಗಿರುತ್ತಿತ್ತು. ಒಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡಿದ್ದ ಹೆಬ್ಬೆರಳು ಅದು.

"ಎಬ್ಬೆಟ್ಟು ಒಳೀಕ್ ಆಕ್ಬ್ಯಾಡಿ ಮಿಸ್ಸಮ್ಮ. ಇಂಜಿನ್ನು ಇಂದಕ್ ಒದ್ರೆ ಮುರೀತದೆ. ನಂದು ನೋಡಿ ಕಲೀರಿ."

ಮಿಸ್ಸಮ್ಮ ಅಂದರೆ ನಾನು. ಮೇಸ್ತ್ರಿ ಕಾರು ರಿಪೇರಿಗೆಂದು ನಮ್ಮಲ್ಲಿಗೆ ಬಂದಾಗ ನಾನು ಕಾನ್ವೆಂಟಿನ ಪಿನಾಫೋರ್ ತೊಟ್ಟ ಹುಡುಗಿ. ಆ ಹೆಸರು ನನ್ನ ಕೂದಲು ಪೂರ್ತಿ ಬೆಳ್ಳಗಾದ ಮೇಲೂ ಬದಲಾಗಲಿಲ್ಲ. ಅವರು ಪಕ್ಕದ ಹಳ್ಳಿಯ ರಾಗಿ ಹೊಲದ ಮನೆತನದವರು. ಅಣ್ಣತಮ್ಮಂದಿರೆಲ್ಲ ಜಮೀನಿನಲ್ಲಿ ಬಾಡಿಗೆ ಮನೆ ಕಟ್ಟಿಸಿ ಯಜಮಾನರಾದರು. ಇವರು ಮಾತ್ರ ನಮ್ಮ ಡ್ಯಾಡಿಯ ಶೆಡ್ಡು ಬಿಟ್ಟು ಕದಲಲಿಲ್ಲ.

ಡ್ಯಾಡಿಗೆ ಹಳೆಯ ಕಾರುಗಳ ಹುಚ್ಚು. ಮನೆಯ ಹಿಂದಿನ ಶೆಡ್ಡಿನಲ್ಲಿ ಏಳು ಕಾರು ನಿಲ್ಲಿಸಿ, ಬಾಗಿಲಿಗೆ 'ಮ್ಯೂಸಿಯಂ' ಎಂದು ಬೋರ್ಡ್ ಹಾಕಿದ್ದರು. ಅವುಗಳಲ್ಲಿ ರಾಣಿ ಎಂದರೆ ಎರಡನೇ ಮಹಾಯುದ್ಧಕ್ಕೂ ಮುಂಚಿನ ಆ ಅಮೆರಿಕನ್ ರೋಡ್‌ಸ್ಟರ್. ಎರಡೇ ಸೀಟು, ಮಡಚುವ ಕ್ಯಾನ್ವಾಸ್ ಟಾಪು, ಹಿಂದೆ ತೆರೆದರೆ ಡಿಕ್ಕಿ ಸೀಟು. ಅಲ್ಲಿ ಕೂತು ನಾನು ಸ್ಕೂಲಿಗೆ ಹೋಗಿದ್ದೇನೆ, ರಿಬ್ಬನ್ ಹಾರಿಸಿಕೊಂಡು, like a princess.

ಒಂದು ಬೇಸಿಗೆಯಲ್ಲಿ ಅದರ ವಾಟರ್ ಪಂಪು ಒಡೆಯಿತು. ಅಮೆರಿಕಕ್ಕೆ ಬರೆದ ಕಾಗದಗಳಿಗೆ ಉತ್ತರವಿಲ್ಲ. ಡ್ಯಾಡಿ ಕೈಚೆಲ್ಲಿದರು. ಮೇಸ್ತ್ರಿ ಹಲಸಿನ ಮರದಲ್ಲಿ ಪಂಪಿನ ಅಚ್ಚು ಕೆತ್ತಿ, ಸೈಕಲ್ಲಿಗೆ ಕಟ್ಟಿಕೊಂಡು ಪೀಣ್ಯದ ಒಂದು ಫೌಂಡ್ರಿಗೆ ಹೋದರು. ಎರಡು ಸಲ ಎರಕ ಬಿರುಕು ಬಿಟ್ಟಿತು. ಮೂರನೆಯದು ನಿಂತಿತು. ಆಮೇಲೆ ಅರದಿಂದ ಉಜ್ಜಿ, ಇಂಜಿನ್ನಿನದೇ ಹಸಿರು ಬಣ್ಣ ಬಳಿದು ಕೂರಿಸಿದರು. ಪಂಪು ಸ್ವಲ್ಪ ಬಿಗಿ. ಹಾಗಾಗಿ ಪ್ರತಿ ಸಲ ಸ್ಟಾರ್ಟ್ ಮಾಡುವ ಮುಂಚೆ ಅದರ ಮೇಲಿನ ಗ್ರೀಸ್ ತುಂಬಿದ ಪುಟ್ಟ ಬಟ್ಟಲು, ಗ್ರೀಸ್ ಕಪ್ಪನ್ನು ಎರಡು ಸುತ್ತು ತಿರುಗಿಸಲೇಬೇಕು. ಇದು ಅವರೊಬ್ಬರಿಗೇ ಗೊತ್ತಿದ್ದ ಲೆಕ್ಕ.

ಮ್ಯೂಸಿಯಂ ನೋಡಲು ಸ್ಕೂಲಿನ ಮಕ್ಕಳು ಬಂದಾಗ ಮೇಸ್ತ್ರಿ ಬಾನೆಟ್ ಎತ್ತಿ ಸವಾಲು ಹಾಕುತ್ತಿದ್ದರು: "ಇದ್ರಾಗೆ ಒಂದು ಸಾಮಾನು ಅಮೇರಿಕಾದ್ದಲ್ಲ, ಪೀಣ್ಯದ್ದು. ಯಾವುದೇಳ್ರಪ್ಪ ನೋಡೋಣ?" ಮಕ್ಕಳು ಎಲ್ಲವನ್ನೂ ತೋರಿಸುತ್ತಿದ್ದರು, ಅದೊಂದನ್ನು ಬಿಟ್ಟು. ಮೇಸ್ತ್ರಿಯ ಮುಖ ಆಗ ನೋಡಬೇಕಿತ್ತು.

ಡ್ಯಾಡಿ ಹೋದರು. ಶೆಡ್ಡಿನ ಜಾಗ ಅಣ್ಣನ ಮಕ್ಕಳ ಪಾಲಾಯಿತು, ಅಲ್ಲಿ ಅಪಾರ್ಟ್‌ಮೆಂಟ್ ಏಳಬೇಕು. ಒಂದೊಂದಾಗಿ ಆರು ಕಾರು ಹೋದವು. ರೋಡ್‌ಸ್ಟರಿಗೂ ಉತ್ತರ ಭಾರತದ ಒಬ್ಬ ಹೋಟೆಲ್ ಮಾಲೀಕ ಸಿಕ್ಕಿದಾಗ ಮೇಸ್ತ್ರಿ ಬೇಡವೆನ್ನಲಿಲ್ಲ. ಕೇಳಿದ್ದು ಒಂದೇ: "ಮಾರ್ಕಳಿ ಮಿಸ್ಸಮ್ಮ. ಆದ್ರೆ ಅದರ ಸ್ವಭಾವ ಏನು ಅಂತ ತಗೊಳ್ಳೋರಿಗೆ ನಾನೇ ಏಳಿಕೊಡ್ತೀನಿ. ಅಷ್ಟು ಮಾಡಿಸ್ಕೊಡಿ."

"ಪ್ರಾಮಿಸ್, ಮೇಸ್ತ್ರಿ" ಅಂದೆ.

ಮಾಲೀಕನ ಪರವಾಗಿ ಕಾರು ಪರೀಕ್ಷಿಸಲು ಬೆಂಗಳೂರಿನವನೇ ಒಬ್ಬ ಬಂದ. ಕೈಯಲ್ಲಿ ಟಾರ್ಚು, ಕೊರಳಲ್ಲಿ ಭೂತಗನ್ನಡಿ. "ಎಲ್ಲಾ ಒರಿಜಿನಲ್ ತಾನೆ ಮೇಡಂ? ಲೋಕಲ್ ಪಾರ್ಟ್ ಒಂದಿದ್ರೂ ನಮ್ ಸಾಹೇಬ್ರು ಬೇಡ ಅಂತಾರೆ."

"ಎಲ್ಲವೂ" ಅಂದೆ. Always speak the truth, girls, ಎಂದು ಕಾನ್ವೆಂಟಿನ ಸಿಸ್ಟರ್ ಹತ್ತು ವರ್ಷ ಹೇಳಿಕೊಟ್ಟ ಬಾಯಿ ಇದು.

ಮೇಸ್ತ್ರಿ ಒಗೆದ ಬಿಳಿ ಅಂಗಿ ತೊಟ್ಟು, ಹ್ಯಾಂಡಲ್ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಪಂಪಿನ ಮಾತು ಈಗ ಎತ್ತಿಬಿಡುತ್ತಾರೆ ಎಂದು ನನಗೆ ಭಯ. "ಇವ್ರು ಮೆಕ್ಯಾನಿಕ್ಕಾ ಮೇಡಂ?" ಎಂದ ಅವನು. ನಾನು ಇಂಗ್ಲಿಷಿಗೆ ಹಾರಿದೆ, ಅದರ ಹಿಂದೆ ಅಡಗಿಕೊಳ್ಳಬಹುದು ಎಂಬಂತೆ: "ಓ ನೋ, ಹಿ ಜಸ್ಟ್ ಡಸ್ಟ್ಸ್ ದ ಕಾರ್ಸ್."

ಡ್ಯಾಡಿಯ ಇಂಗ್ಲಿಷಿನಲ್ಲೇ ಕೆಲಸ ಕಲಿತ ಮನುಷ್ಯ ಮೇಸ್ತ್ರಿ. ಅದನ್ನು ನಾನು ಮರೆತಿದ್ದೆನೋ, ಮರೆತಂತೆ ಮಾಡಿದೆನೋ.

ಅವನು ಬಾನೆಟ್ ಎತ್ತಿ ಪಂಪಿನ ಮೇಲೆ ಟಾರ್ಚು ನಿಲ್ಲಿಸಿದ. "ಏನ್ ತಾತ, ಇದನ್ನ ಯಾರಾದ್ರೂ ಬಿಚ್ಚಿದ್ರಾ?"

ಮೇಸ್ತ್ರಿ ಪಂಪನ್ನು ನೋಡಿದರು. ನನ್ನನ್ನು ನೋಡಲಿಲ್ಲ. "ನಂಗೇನ್ ಗೊತ್ತು ಸಾರ್, ನಾನು ಧೂಳು ಒರಸೋನು."

ಅವನು ತಂದಿದ್ದ ಹೊಸ ಬ್ಯಾಟರಿ ಹಾಕಿ, ಸ್ವಿಚ್ಚಿನಲ್ಲೇ ಸ್ಟಾರ್ಟ್ ಮಾಡಿದ. ಬೆಳಗ್ಗೆಯೇ ಮೇಸ್ತ್ರಿ ಗ್ರೀಸ್ ಕಪ್ಪು ತಿರುಗಿಸಿಟ್ಟಿದ್ದರಿಂದ ಇಂಜಿನ್ನು ಹಾಡಿತು. ಹ್ಯಾಂಡಲನ್ನು ಬಟ್ಟೆಯಲ್ಲಿ ಸುತ್ತಿ ಸೀಟಿನ ಹಿಂದೆ ಇಟ್ಟು ಮೇಸ್ತ್ರಿ ಗೇಟು ದಾಟಿ ಹೋದರು. ಕಾರು ಲಾರಿ ಹತ್ತುವುದನ್ನು ನೋಡಲು ನಿಲ್ಲಲಿಲ್ಲ. ಮರುದಿನ ಬರಲಿಲ್ಲ.

ಕೆಲವು ತಿಂಗಳ ಮೇಲೆ ಆ ಹೋಟೆಲಿನ ಮೆಕ್ಯಾನಿಕ್ಕಿನ ಫೋನು: ಪಂಪು ಜಾಮ್ ಆಗಿದೆ, ಏನು ಮಾಡಬೇಕು? ನಾನು ಲಗ್ಗೆರೆಗೆ ಹೋದೆ. ಮೇಸ್ತ್ರಿ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. "ಇಷ್ಟು ದಿನಕ್ಕೆ ದಾರಿ ಗೊತ್ತಾಯ್ತಾ ಮೇಡಂ?" ಎಂದಳು ಮಗಳು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.

ಆ ಮೆಕ್ಯಾನಿಕ್ಕಿಗೆ ಫೋನು ಮಾಡಿ, ಸ್ಪೀಕರ್ ಹಾಕಿ ಮೇಸ್ತ್ರಿಯ ಕೈಗೆ ಕೊಟ್ಟೆ. ಉಸಿರು ಎಳೆದುಕೊಳ್ಳುತ್ತಲೇ ಅವರು ಹಿಂದಿ, ಇಂಗ್ಲಿಷ್ ಬೆರೆಸಿ ಎಲ್ಲ ವಿವರಿಸಿದರು: ಸೀಮೆಎಣ್ಣೆ ಬಿಟ್ಟು ಒಂದು ದಿನ ನೆನೆಸಬೇಕು, ಸುತ್ತಿಗೆ ಮುಟ್ಟಿಸಲೇಬಾರದು, ಇನ್ನು ಮುಂದೆ ಪ್ರತಿ ಸಲ ಕಪ್ಪು ಎರಡು ಸುತ್ತು. ಮಾತಾಡುತ್ತಾ ಅವರ ಕೈ ಗಾಳಿಯಲ್ಲೇ ಆ ಕಪ್ಪನ್ನು ತಿರುಗಿಸುತ್ತಿತ್ತು.

ಆ ಕಡೆಯವನು ಖುಷಿಯಾಗಿ ಕೇಳಿದ: ಉಸ್ತಾದ್, ಇಷ್ಟು ತಿಳಿದ ನೀವು ಯಾರು?

ಮೇಸ್ತ್ರಿ ನನ್ನ ಮುಖ ನೋಡಿದರು. ಅವಸರ ಮಾಡಲಿಲ್ಲ. ಆ ಪಂಪು ಮಾಡಿದವರು ಇವರೇ ಎನ್ನಲು ನನಗೆ ಬೇಕಾದಷ್ಟು ಹೊತ್ತಿತ್ತು. ಹೇಳಿದರೆ ಕಾರು ವಾಪಸ್ಸು ಬರುತ್ತದೆ, ಅದನ್ನು ನಿಲ್ಲಿಸಲು ಶೆಡ್ಡೂ ಇಲ್ಲ, ಸುಳ್ಳಿಗೆ ಎಲ್ಲರ ಮುಂದೆ ಉತ್ತರ ಕೊಡಬೇಕು. ನಾನು ಸೀರೆಯ ಸೆರಗು ಸರಿಮಾಡಿಕೊಂಡೆ.

"ಧೂಳು ಒರಸೋನು" ಎಂದು ಕನ್ನಡದಲ್ಲೇ ಹೇಳಿ ಅವರು ಫೋನನ್ನು ನನ್ನ ಕಡೆ ಚಾಚಿದರು. ಸೊಟ್ಟ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಸಾಲಾಗಿ ಮಲಗಿತ್ತು. ಆಮೇಲೆ ಗೋಡೆಯ ಕಡೆ ತಿರುಗಿದರು. ನಾನು ಅವರನ್ನು ಕಂಡದ್ದು ಅದೇ ಕೊನೆ.