ಹಣೆಯಲ್ಲೇ ನಿಂತ ಕೈ

ಬಾಡಿಗೆ ಮನೆ ನೋಡಲು ಹೋಗುವವರಿಗೆ ಒಂದು ಮಾತು ಹೇಳುತ್ತೇನೆ. ಮನೆ ಎಷ್ಟೇ ಇಷ್ಟವಾದರೂ ಮುಖ ಅರಳಿಸಬೇಡಿ. ನಲ್ಲಿ ತಿರುಗಿಸಿ ನೋಡಿ, ಬಚ್ಚಲ ಗೋಡೆ ಮುಟ್ಟಿ, ಒಮ್ಮೆ ನಿಟ್ಟುಸಿರು ಬಿಡಿ. ಕುಮಾರಸ್ವಾಮಿ ಲೇಔಟಿನಲ್ಲಿ ಹಳೇ ಮಂಚ, ಬೀರು ಕೊಂಡು ಮಾರುವ ಅಂಗಡಿಯನ್ನು ಬರಿಗೈಯಲ್ಲಿ ಕಟ್ಟಿದವನು ನಾನು. ಬೇಕು ಅನ್ನುವುದು ಕಣ್ಣಲ್ಲಿ ಕಂಡರೆ ಬೆಲೆ ಇಳಿಯುವುದಿಲ್ಲ.

ಆಗ ಮಗಳಿಗೆ ಆರು ವರ್ಷ. ನಾವಿದ್ದ ಮನೆಯ ಓನರ್ ಮಗನ ಮದುವೆಯೆಂದು ಖಾಲಿ ಮಾಡಲು ಹೇಳಿದ್ದರು, ಗಡುವಿಗೆ ಎರಡೇ ವಾರ ಉಳಿದಿತ್ತು. ಜಯನಗರದಲ್ಲಿ ಮಗಳ ಶಾಲೆಯ ಹಿಂದಿನ ರಸ್ತೆಯಲ್ಲೇ ಒಂದು ಮನೆ ಖಾಲಿ ಇದೆಯೆಂದು ತಿಳಿಯಿತು. ಶಾಲೆಗೂ ಚರ್ಚಿಗೂ ನಡೆದೇ ಹೋಗಬಹುದು. ಗೇಟಿನ ಬೋರ್ಡಿನಲ್ಲಿ ಮಾತ್ರ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂದಿತ್ತು. ಆದರೂ ಓನರ್ ಮೇಡಂಗೆ ಫೋನ್ ಮಾಡಿ, ನೋಡಲು ಬರುತ್ತೇವೆಂದು ಹೇಳಿದೆ.

“ನಾನಂತೂ ಬರಲ್ಲ,” ಎಂದಳು ಹೆಂಡತಿ. “ಬಂದ್ರೆ ನಿಜ ಹೇಳ್ಬಿಡ್ತೀನಿ. ಆಮೇಲೆ ನನ್ ಮೇಲೆ ಹಾರಾಡ್ಬೇಡಿ.”

ಹಾಗಾಗಿ ನಾನು, ಮಗಳು ಇಬ್ಬರೇ ಹೊರಟೆವು. ಮಗು ಜೊತೆಗಿದ್ದರೆ ಓನರ್‌ಗಳ ಮನಸ್ಸು ಕರಗುತ್ತದೆ, ಅದೂ ನನ್ನ ಲೆಕ್ಕವೇ. ರಸ್ತೆಯ ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿ, ಅವಳ ಕೊರಳಿನ ಶಿಲುಬೆಯ ಸರ ಬಿಚ್ಚಿ ನನ್ನ ಜೇಬಿಗೆ ಹಾಕಿಕೊಂಡೆ.

“ಆಂಟಿ ಊಟದ ವಿಷ್ಯ ಕೇಳಿದ್ರೆ ಏನಂತೀಯ?”

“ನಾವು ಮೊಟ್ಟೇನೂ ತಿನ್ನಲ್ಲ ಅಂತೀನಿ.”

“ಚರ್ಚಿನ ಮಾತು?”

“ಎತ್ತಲ್ಲ.” ಬರಿದಾದ ಕೊರಳು ಮುಟ್ಟಿಕೊಂಡು ಕೇಳಿದಳು, “ಸುಳ್ ಹೇಳಿದ್ರೆ ಯೇಸುಸ್ವಾಮಿಗೆ ಬೇಜಾರಾಗಲ್ವಾ ಅಪ್ಪ?”

“ಇದು ಸುಳ್ಳಲ್ಲಮ್ಮ, ವ್ಯಾಪಾರ.”

ಓನರ್ ಮೇಡಂ ನಿವೃತ್ತ ಟೀಚರು, ಒಬ್ಬರೇ ಇದ್ದರು. ನನ್ನ ಹೆಸರು ಕೇಳಿದರು. ನನ್ನದು ಅಜ್ಜನ ಹೆಸರು. ಕನಕಪುರದ ಕಡೆ ನಮ್ಮ ಕ್ರೈಸ್ತ ಮನೆಗಳಲ್ಲಿ ಹಿರಿಯರಿಗೆ ಹೀಗೆ ‘ಅಪ್ಪ’ ಎಂದು ಮುಗಿಯುವ ಹೆಸರುಗಳೇ. ಕೇಳಿದವರಿಗೆ ನಮ್ಮ ದೇವರು ಯಾರೆಂದು ಗೊತ್ತಾಗದು. ಮೇಡಂ ಮುಖ ಸಡಿಲವಾಯಿತು. ನಾನು ಬಚ್ಚಲ ಗೋಡೆ ಮುಟ್ಟಿದೆ, ನಿಟ್ಟುಸಿರು ಬಿಟ್ಟೆ. ಹತ್ತು ತಿಂಗಳ ಅಡ್ವಾನ್ಸು ಆರಕ್ಕೆ ಇಳಿಯಿತು.

ಆಮೇಲೆ ಅವರು ಮಗಳ ಕಡೆ ತಿರುಗಿದರು. “ಏನ್ ಪುಟ್ಟಿ, ನಿಮ್ಮನೇಲಿ ಕೋಳಿ, ಮೊಟ್ಟೆ ಏನೂ ಇಲ್ಲ ತಾನೆ?”

“ಇಲ್ಲ ಆಂಟಿ, ಮೊಟ್ಟೇನೂ ತಿನ್ನಲ್ಲ.”

“ಜಾಣೆ. ಭಾನುವಾರ ಏನ್ ಮಾಡ್ತೀರಾ?”

ಭಾನುವಾರ ಬೆಳಿಗ್ಗೆ ನಮಗೆ ಚರ್ಚು. ಇದನ್ನು ಹೇಳಿಕೊಟ್ಟಿರಲಿಲ್ಲ.

“ಬೆಳಿಗ್ಗೆ ಲಾಲ್‌ಬಾಗಿಗೆ ಹೋಗ್ತೀವಿ ಆಂಟಿ. ಅಪ್ಪ ಜೋಳ ಕೊಡಿಸ್ತಾರೆ.”

ಒಂದು ಕ್ಷಣ ಹೆಮ್ಮೆಯಾಯಿತು, ಅದನ್ನೂ ಮುಚ್ಚಿಡುವುದಿಲ್ಲ. ನನ್ನ ಮಗಳು! ಜೋಳ ಸೇರಿಸಿದ್ದು ಎಂಥ ಕೈಚಳಕ.

ಮೇಡಂ ಒಳಗಿನಿಂದ ತಟ್ಟೆಯಲ್ಲಿ ರವೆ ಉಂಡೆ ತಂದು ಅವಳ ಮುಂದಿಟ್ಟರು. ಮಗಳ ಬಲಗೈ ತಾನಾಗಿ ಹಣೆಗೆ ಹೋಯಿತು. ತಿನ್ನುವ ಮುಂಚೆ ಶಿಲುಬೆ ಗುರುತು ಹಾಕುವುದನ್ನು ಅವಳಿಗೆ ಮೂರು ವರ್ಷದಲ್ಲೇ ಬೆರಳು ಹಿಡಿದು ಕಲಿಸಿದವನು ನಾನು: ಹಣೆ, ಎದೆ, ಎರಡು ಭುಜ. ಒಮ್ಮೆ ಹೋಟೆಲಿನಲ್ಲಿ ಪಕ್ಕದ ಟೇಬಲಿನವರು ನೋಡಿದರೆಂದು ಅವಳು ನಾಚಿದಾಗ, “ದೇವ್ರಿಗೆ ಥ್ಯಾಂಕ್ಸ್ ಹೇಳೋಕೆ ಯಾರಿಗ್ ಹೆದರ್ಬೇಕು?” ಎಂದು ಗದರಿದವನೂ ನಾನೇ. ಈಗ ಆ ಕೈ ಹಣೆಯಲ್ಲೇ ನಿಂತಿತು. ಅವಳು ನನ್ನನ್ನು ನೋಡಿದಳು. ನಂತರ, ಮೊದಲಿಂದಲೂ ಅದಕ್ಕೇ ಕೈ ಎತ್ತಿದವಳಂತೆ, ಮುಂಗೂದಲು ಸರಿಸಿಕೊಂಡು ಇಳಿಸಿದಳು.

ಜೇಬಿನಲ್ಲಿದ್ದ ಸರ ಬೆರಳಿಗೆ ತಾಕಿತು. ಎರಡು ವಾರ ಕಳೆದ ಮೇಲೆ ಎಲ್ಲಿಗೆ ಹೋಗುವುದೆಂದು ಯೋಚಿಸಿದೆ. ಇನ್ನು ಐದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಮನೆ ನನ್ನದು. ಮಗಳು ಉಂಡೆ ಬಾಯಿಗಿಟ್ಟಳು.

“ಮೇಡಂ, ನಾವು ಕ್ರಿಶ್ಚಿಯನ್ಸು,” ಎಂದೆ. “ಮಾಂಸ, ಮೊಟ್ಟೆ ಎಲ್ಲ ತಿಂತೀವಿ. ಮಗು ಹೇಳಿದ್ದು ನಾನು ಹೇಳ್ಕೊಟ್ಟಿದ್ದು.”

ಮೇಡಂ ನನ್ನತ್ತ ತಿರುಗಿದರು. “ಫೋನಲ್ಲೇ ಹೇಳಿದ್ರೆ ಆಗಲ್ಲ ಅಂದಿರ್ತಿದ್ದೆ, ಅಷ್ಟೆ. ನೀವು ನಿಮ್ ದಾರಿ ನೋಡ್ಕೊಳ್ತಿದ್ರಿ. ಇಷ್ಟ್ ಚಿಕ್ ಮಗು ಕೈಲಿ ಹೇಳಿಸ್ತಾರೇನ್ರೀ?”

ಮಗಳ ಕೈ ಹಿಡಿದು ಎದ್ದೆ. ಹೊರಡುವಾಗ ಅವರು ಇನ್ನೊಂದು ಉಂಡೆಯನ್ನು ಪೇಪರಿನಲ್ಲಿ ಸುತ್ತಿ ಮಗಳ ಕೈಗಿಟ್ಟರು. ನನ್ನ ಮುಖ ನೋಡಲಿಲ್ಲ.

ಸ್ಕೂಟರ್ ಬಳಿ ಸರ ಹಾಕುತ್ತಿದ್ದಾಗ ಮಗಳು ಕೇಳಿದಳು, “ಮನೆ ಹೋಯ್ತಾ ಅಪ್ಪ? ನಾನು ಸರಿಯಾಗೇ ಹೇಳಿದ್ನಲ್ಲ?”

“ಸರಿಯಾಗೇ ಹೇಳ್ದೆ. ಅಪ್ಪ ಹೇಳ್ಕೊಟ್ಟಿದ್ದೇ ತಪ್ಪು.” ಕೊಂಡಿ ಸಿಕ್ಕಿಸಿ, ಶಿಲುಬೆಯನ್ನು ಅವಳ ಅಂಗಿಯ ಮೇಲೆ ಕಾಣುವಂತೆ ಬಿಟ್ಟೆ.

ಕೊನೆಗೆ ಇಟ್ಟಮಡುವಿನಲ್ಲಿ ಮನೆ ಸಿಕ್ಕಿತು. ಅಲ್ಲಿನ ಓನರ್‌ಗೆ ಫೋನಿನಲ್ಲೇ ಎಲ್ಲ ಹೇಳಿದ್ದೆ. ಅಡ್ವಾನ್ಸು ಒಂದು ಪೈಸೆಯೂ ಇಳಿಯಲಿಲ್ಲ. ಶಾಲೆಗೆ ಈಗ ವ್ಯಾನು, ಮುಕ್ಕಾಲು ಗಂಟೆ ದಾರಿ. ಚೌಕಾಸಿ ಕಲಿಯಬೇಕೆಂದು ಅಂಗಡಿಗೆ ಬರುವ ಹುಡುಗರಿಗೆ ಹೇಳುತ್ತೇನೆ: ನಿಮ್ಮ ಬಾಯಲ್ಲಿ ಎಷ್ಟು ಬೇಕಾದರೂ ವ್ಯಾಪಾರ ಮಾಡಿ, ಮಕ್ಕಳ ಬಾಯನ್ನು ಬಿಟ್ಟುಬಿಡಿ.

ಹೊಸ ಮನೆಯಲ್ಲಿ ಮೊದಲ ದಿನ ಹೆಂಡತಿ ಮೊಟ್ಟೆ ಸಾರು ಮಾಡಿದ್ದಳು. ಮೂವರೂ ನೆಲದ ಮೇಲೆ ಕುಳಿತೆವು. ಮಗಳ ಕೈ ಹಣೆಗೆ ಹೋಗಿ ನಿಂತಿತು. ನನ್ನನ್ನು ನೋಡಿದಳು. ನಾನು ಬೇಗನೆ ಶಿಲುಬೆ ಗುರುತು ಹಾಕಿಕೊಂಡೆ. ಆಮೇಲೆ ಅವಳ ಕೈ ಎದೆಗೆ ಇಳಿಯಿತು.

ಈಗ ಅವಳಿಗೆ ಎಂಟು ತುಂಬಿದೆ. ಊಟಕ್ಕೆ ಕುಳಿತಾಗ ಈಗಲೂ ಮೊದಲು ನನ್ನ ಮುಖ ನೋಡುತ್ತಾಳೆ.