ಬೋಟಿನ ಟಿವಿಯೂ ಮಾವನ ಪಾಯಿಂಟುಗಳೂ

ಬೋಟಿಗೆ ಟಿವಿ ಕೂರಿಸಲು ಬರುವವನ ಮೇಲೆ ಕಣ್ಣಿಡಲು ನನ್ನನ್ನು ಕಳಿಸಿದ್ದು ತಾಯಿಯ ಅಣ್ಣ. ಮಾವ ಮಲ್ಪೆಯ ಆಳಸಮುದ್ರದ ಬೋಟೊಂದರಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವರು. ಬೋಟು ಮಾಲಕರದ್ದು. ಅದರಲ್ಲಿ ಮಾವನದ್ದು ಎಂದು ಇರುವುದು ಚುಕ್ಕಾಣಿಯ ಮುಂದಿನ ಜಿಪಿಎಸ್ ಪೆಟ್ಟಿಗೆಯೊಳಗಿನ ಪಾಯಿಂಟುಗಳು ಮಾತ್ರ. ಯಾವ ಬಂಡೆಯ ಬಳಿ ಯಾವ ತಿಂಗಳು ಮೀನು ನಿಲ್ಲುತ್ತದೆ, ಎಲ್ಲಿ ಬಲೆ ಸಿಕ್ಕಿ ಹರಿಯುತ್ತದೆ ಎಂದು ಇಪ್ಪತ್ತು ವರ್ಷ ಅಲೆದು ಒತ್ತಿಟ್ಟ ಗುರುತುಗಳು ಅವು. ಬೇರೆ ಬೋಟಿನವರ ಕೈಗೆ ಸಿಕ್ಕಿದರೆ ಆ ಜಾಗಗಳು ಎಲ್ಲರಿಗೂ ಗೊತ್ತಾಗುತ್ತವೆ, ಮತ್ತೆ ಮಾಲಕರಿಗೆ ಮಾವನೇ ಬೇಕೆಂದಿಲ್ಲ.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯಲು ನಾಲ್ಕು ದಿನ ಉಳಿದಿತ್ತು. ಒಮ್ಮೆ ಹೊರಟರೆ ಹತ್ತು ದಿನ ಕಡಲಲ್ಲೇ ಇರುವ ಕೆಲಸದವರು ಈ ಸಲ ಟಿವಿ ಬೇಕೇ ಬೇಕೆಂದು ಪಟ್ಟು ಹಿಡಿದಿದ್ದರು. ಪಕ್ಕದ ಬೋಟಿನಲ್ಲಿ ಉಂಟು, ನಮ್ಮಲ್ಲಿ ಯಾಕಿಲ್ಲ ಎಂಬುದು ಅವರ ವಾದ. ದುರ್ಬಲ ವಾದ, ಆದರೆ ಮಾಲಕರು ಒಪ್ಪಿದರು. ಮಾವನ ತಕರಾರು ಟಿವಿಯ ಬಗ್ಗೆ ಅಲ್ಲ, ಅದರ ವಯರಿನ ಬಗ್ಗೆ. ಬ್ಯಾಟರಿಯಿಂದ ಇನ್ವರ್ಟರಿಗೆ ಕರೆಂಟು ಎಳೆಯಬೇಕು; ಅದರ ಫ್ಯೂಸು ಕೂರಿಸಬೇಕಾದದ್ದು ಚುಕ್ಕಾಣಿಯ ಕ್ಯಾಬಿನ್ನಿನಲ್ಲಿ, ಜಿಪಿಎಸ್ಸಿನ ಪಕ್ಕದಲ್ಲೇ.

"ಅವ ಎಲ್ಲ ಬೋಟಿಗೂ ಹತ್ತಿ ಇಳಿಯುವ ಜನ," ಎಂದರು ಮಾವ. "ನನಗೆ ಐಸಿನವರ ಹತ್ತಿರ ಹೋಗ್ಲಿಕ್ಕುಂಟು. ನೀನು ಕಾಲೇಜಲ್ಲಿ ಮಾತಾಡಿಯೇ ಟ್ರೋಫಿ ತಂದವ ಅಲ್ವಾ? ಅವನ ಕಣ್ಣು ಎಲ್ಲಿ ಹೋಗ್ತದೆ ನೋಡು, ಸಾಕು."

ಕಾಪುವಿನಿಂದ ಬೆಳಗ್ಗಿನ ಬಸ್ಸು ಹಿಡಿದು ನಾನು ಬಂದರಿಗೆ ತಲುಪಿದಾಗ ಆತ ಆಗಲೇ ಬೋಟು ಹತ್ತಿದ್ದ. ಪರ್ಕಳದಲ್ಲಿ ರಿಪೇರಿ ಅಂಗಡಿ ಇಟ್ಟವನು, ಹದಿನೈದು ವರ್ಷದಿಂದ ಇದೇ ಕೆಲಸವೆಂದು ಕೇಳದಿದ್ದರೂ ಹೇಳಿದ. ಕೇಳದೆ ಹೇಳುವವರನ್ನು ನಾನು ನಂಬುವುದಿಲ್ಲ.

ಕೆಲಸದವರು ಮಲಗುವ ಕೋಣೆಯ ಗೋಡೆಗೆ ಟಿವಿಯನ್ನು ಬಿಗಿದ. ಎಂಜಿನಿನ ನಡುಕಕ್ಕೆ ಬೋಲ್ಟು ಸಡಿಲವಾಗದಂತೆ ಹಳೆಯ ಟ್ಯೂಬಿನ ರಬ್ಬರು ಕತ್ತರಿಸಿ ಹಿಂದೆ ಇಟ್ಟ. ಕೈಚಳಕವಿತ್ತು, ಒಪ್ಪಬೇಕು. ಮಧ್ಯೆ ಕೇಳಿದ, "ನಿಮ್ಮ ಮಾವ ಕಳೆದ ಸಲ ಎಲ್ಲಿಯವರೆಗೆ ಹೋಗಿದ್ರು?"

"ಯಾಕೆ?"

"ಡಿಶ್ ಹಾಕ್ಬೇಕಾ ಅಂತ ನೋಡ್ಲಿಕ್ಕೆ. ಬೋಟು ತಿರುಗಿದ ಹಾಗೆ ಡಿಶ್ ತಿರುಗುದಿಲ್ಲ ಮಾರಾಯ್ರೆ. ಕಡಲಲ್ಲಿ ಪೆನ್ ಡ್ರೈವೇ ಗತಿ."

"ಹಾಗಾದ್ರೆ ಎಲ್ಲಿಗೆ ಹೋದ್ರೂ ಡಿಶ್ ನಡಿಯುದಿಲ್ಲ. ಮತ್ತೆ ಎಲ್ಲಿಗೆ ಹೋಗಿದ್ರು ಅಂತ ಕೇಳಿದ್ದು ಎಂತಕ್ಕೆ?"

ಆತ ಸ್ಕ್ರೂಡ್ರೈವರ್ ಹಿಡಿದೇ ನಕ್ಕ. "ನಿಮ್ಮ ಹತ್ರ ಊಟ ಆಯ್ತಾ ಅಂತ ಕೇಳ್ಲಿಕ್ಕೂ ಹೆದರಿಕೆ ಆಗ್ತದೆ."

ನಗು ಉತ್ತರವಲ್ಲ. ನಾನು ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಆಮೇಲೆ ಚುಕ್ಕಾಣಿಯ ಕ್ಯಾಬಿನ್ನು. ಮೇನ್ ಆಫ್ ಮಾಡಿ, ಜಿಪಿಎಸ್ಸಿನ ವಯರುಗಳನ್ನೂ ಫ್ಯೂಸುಗಳನ್ನೂ ಬಿಚ್ಚಿ, ಇನ್ವರ್ಟರಿನ ವಯರಿಗೆ ಜಾಗ ಮಾಡಿದ. ಮತ್ತೆ ಎಲ್ಲವನ್ನೂ ಜೋಡಿಸುವ ಹೊತ್ತಿಗೆ ಜೇಬಿನಿಂದ ಫೋನು ತೆಗೆದು ಏನನ್ನೋ ನೋಡತೊಡಗಿದ. ಬಗ್ಗಿ ನೋಡಿದೆ. ಮೇನ್ ಆಫ್ ಮಾಡುವ ಮೊದಲೇ, ನನ್ನ ಗಮನಕ್ಕೆ ಬಾರದಂತೆ, ಫ್ಯೂಸು ವಯರುಗಳ ಫೋಟೋ ಹೊಡೆದಿದ್ದ. ಮೂಲೆಯಲ್ಲಿ ಹೊತ್ತಿದ್ದ ಜಿಪಿಎಸ್ಸಿನ ಪರದೆಯೂ ಒಂದು ಬೆರಳಗಲ ಬಂದಿತ್ತು. ಅದರ ಮೇಲೆ ಸಣ್ಣ ಸಣ್ಣ ಗುರುತುಗಳು.

"ಇದನ್ನು ಅಳಿಸಿ."

"ಜೋಡಿಸಿ ಆಗ್ಲಿ, ಅಳಿಸ್ತೇನೆ. ಇಲ್ಲಿ ಎಲ್ಲ ವಯರೂ ಕೆಂಪೇ, ನೋಡಿ."

"ಅಷ್ಟರೊಳಗೆ ಯಾರಿಗಾದ್ರೂ ಕಳಿಸಿದ್ರೆ? ಹದಿನೈದು ವರ್ಷದ ಅನುಭವ ಅಂದ್ರಿ. ಅಷ್ಟು ಅನುಭವಕ್ಕೆ ಒಂದು ಫೋಟೋ ಬೇಕಾ?"

ಆತನ ಮುಖ ಬಿಗಿಯಾಯಿತು. ಅಳಿಸಿದ. ಅಳಿಸಿದ ಫೋಟೋಗಳು ಹೋಗಿ ಕೂರುವ ಫೋಲ್ಡರ್ ತೆರೆಸಿ, ಅಲ್ಲಿಂದಲೂ ಅಳಿಸಿದ ಮೇಲೆಯೇ ನಾನು ಹಿಂದೆ ಸರಿದದ್ದು. ಜೋಡಿಸಿ ಮುಗಿಯುವವರೆಗೆ ಫೋನನ್ನು ನಾನೇ ಹಿಡಿದು ನಿಲ್ಲಬಹುದಿತ್ತು ಎಂದು ಈಗ ಹೊಳೆಯುತ್ತದೆ. ಆಗ ಗೆಲ್ಲುವುದೊಂದೇ ತಲೆಯಲ್ಲಿತ್ತು.

ನೆನಪಿನಿಂದಲೇ ಜೋಡಿಸಿ ಮೇನ್ ಹಾಕಿದ. ಕೆಳಗಿನ ಕೋಣೆಯಲ್ಲಿ ಟಿವಿ ನೀಲಿಯಾಗಿ ಹೊತ್ತಿತು. ಜಿಪಿಎಸ್ಸಿನೊಳಗೆ 'ಟಕ್' ಎಂದಿತು, ಸುಟ್ಟ ವಾಸನೆ ಬಂತು, ಪರದೆ ಕಪ್ಪಾಗಿಯೇ ಉಳಿಯಿತು.

"ಪ್ಲಸ್ಸು ಮೈನಸ್ಸು ಅದಲು ಬದಲಾಯ್ತು," ಎಂದ ಆತ. ನನ್ನತ್ತ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಮಾವ ಬಂದವರು ಟಿವಿಯತ್ತ ಕಣ್ಣೂ ಹಾಕಲಿಲ್ಲ. ಕಪ್ಪು ಪರದೆಯ ಮೇಲೆ ಅಂಗೈ ಇಟ್ಟು ಕೇಳಿದರು, "ಒಳಗಿನದ್ದು ಹೋಯ್ತಾ?"

"ಹೋಗಿರ್ಲಿಕ್ಕಿಲ್ಲ ಅಣ್ಣ. ಕರೆಂಟು ಹೆಚ್ಚುಕಡಿಮೆ ಆದ್ರೆ ತಡೆಯುವ ಪಾರ್ಟು ಮಾತ್ರ ಸುಟ್ಟದ್ದು. ಅಂಗಡಿಗೆ ಕೊಂಡೋಗಿ ಬಿಚ್ಚಬೇಕು."

ಪರದೆಯ ಒಂದು ಮೂಲೆಯೂ ಸೋರಿಹೋಗದಿರಲೆಂದು ನಾನು ಕಾದದ್ದು. ಈಗ ಇಡೀ ಪೆಟ್ಟಿಗೆ ಅದೇ ಮನುಷ್ಯನ ಕೈಗೆ ಹೋಗಬೇಕು. ಇಲ್ಲವಾದರೆ ನಾಲ್ಕು ದಿನ ಬಿಟ್ಟು ಕುರುಡಾಗಿ ಕಡಲಿಗಿಳಿಯಬೇಕು. ಕೊನೆಗೆ ಮಾವ ತಮ್ಮ ಹೆಗಲ ಮೇಲಿನ ಬೈರಾಸು ಬಟ್ಟೆಯಲ್ಲಿ ಪೆಟ್ಟಿಗೆಯನ್ನು ಸುತ್ತಿ ನನ್ನ ಕೈಗೆ ಕೊಟ್ಟರು. "ಕೆಳಗೆ ಇಡಬೇಡ," ಎಂದರು. ಬೈಯಲಿಲ್ಲ.

ರಿಪೇರಿಯವನ ಸ್ಕೂಟರಿನ ಹಿಂದೆ ಕೂತು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಉಡುಪಿ ದಾಟಿದೆ. ಮಣಿಪಾಲದ ಏರು ಹತ್ತುವ ಮೊದಲು ಆತ ಸ್ಕೂಟರು ತಿರುಗಿಸಿದ.

"ಇಲ್ಲಿ ಎಂತಕ್ಕೆ?"

"ಪೆಟ್ರೋಲಿಗೆ ಮಾರಾಯ್ರೆ. ಬಂಕು ಕಾಣುದಿಲ್ವಾ?"

ಪರ್ಕಳದ ಅಂಗಡಿಯಲ್ಲಿ ಪೆಟ್ಟಿಗೆ ಬಿಚ್ಚಿ, ಅಕ್ಕಿಕಾಳಿನಷ್ಟು ಒಂದು ಪಾರ್ಟು ಕಿತ್ತು ಬೇರೆ ಕೂರಿಸಿದ. ಪರದೆ ಹೊತ್ತಿತು. ತುಂಬ ಗುರುತುಗಳು. ನಾನು ಅಡ್ಡ ನಿಂತೆ.

"ಎಲ್ಲ ಉಂಟಾ ನೀವೇ ನೋಡಿ," ಎಂದ ಆತ, ಕೈ ಒರೆಸಿಕೊಳ್ಳುತ್ತ. ಎಷ್ಟಿದ್ದವು ಎಂದು ನನಗೆ ತಿಳಿದಿದ್ದರೆ ತಾನೇ? ಮಾವನಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿದೆ.

"ಹೊತ್ತಿತು ಮಾವ. ಒಟ್ಟು ಎಷ್ಟು ಪಾಯಿಂಟ್ ಇತ್ತು?"

"ನಿನಗೆ ಯಾಕೆ?"

"ಎಲ್ಲ ಉಂಟಾ ಅಂತ ನೋಡ್ಲಿಕ್ಕೆ."

"ನೀನು ನೋಡ್ಲಿಕ್ಕೆ ಹೋಗ್ಬೇಡ. ಆಫ್ ಮಾಡು. ನಾನೇ ಬರ್ತೇನೆ."

ಆತ ನಗಲಿಲ್ಲ. ಎರಡು ಸ್ಟೂಲು ತಂದು ರಸ್ತೆಯ ಕಡೆಗೆ ಮುಖ ಮಾಡಿ ಇಟ್ಟ, ಒಂದರ ಮೇಲೆ ತಾನು ಕೂತ. ಇನ್ನೊಂದರ ಮೇಲೆ ನಾನು ಕೂತೆ.

ಮಾವ ಬಂದು ನಮ್ಮಿಬ್ಬರನ್ನೂ ಅಂಗಡಿಯಿಂದ ಹೊರಗೆ ನಿಲ್ಲಿಸಿ, ಶಟರನ್ನು ಅರ್ಧ ಎಳೆದುಕೊಂಡರು. ಒಂದೊಂದಾಗಿ ನೋಡುತ್ತಿದ್ದರೆಂದು ತೋರುತ್ತದೆ. ಗುಂಡಿ ಒತ್ತುವ ಸದ್ದು ಬಹಳ ಹೊತ್ತು ಕೇಳಿತು. ಹೊರಗೆ ಬಂದು, ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು, "ಉಂಟು" ಎಂದರು. ಎಷ್ಟು ಎಂದು ಹೇಳಲಿಲ್ಲ.